ತೋಶಿಯೆ ಕಾಣೆಯಾದ ಸಿನಿಮಾ

ಮುರಮಾತ್ಸು ತೋಶಿಯೆ ಯಾಯಿಜು ಬಂದರಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ದಿನಾ ಬೆಳಿಗ್ಗೆ ವಾಂತಿ ಮಾಡುತ್ತಿದ್ದಳು. ಬಸುರಿಯೇ ಇರಬೇಕೆಂದು ಓಣಿಯ ಹೆಂಗಸರು ಮುಸಿಮುಸಿ ನಕ್ಕರು. ಬಸುರಲ್ಲ, ವಾಸನೆ. ಅವಳು ಹೊಳೆಯ ಮೇಲ್ದಂಡೆಯ ಚಹಾ ಗುಡ್ಡಗಳಲ್ಲಿ ಬೆಳೆದವಳು. ನಮ್ಮೂರಿನಲ್ಲಿ ಗಾಳಿಗೂ ಕತ್ಸುವೊ ಮೀನಿನ ಕರುಳಿನ ವಾಸನೆ, ಒಗೆದು ಹರವಿದ ಬಟ್ಟೆಗೂ ಅದೇ, ಗಂಡನ ಕುತ್ತಿಗೆಗೂ ಅದೇ. ಅವಳ ಅತ್ತೆ ಹಾತ್ಸು ಒಂದು ದಿನ ಸೊಸೆಯ ತೋಳು ಹಿಡಿದು ನಮ್ಮ ಮೀನು ಶೆಡ್ಡಿಗೆ ಕರೆತಂದು ನನ್ನ ಪಕ್ಕದ ಮೇಜಿಗೆ ನಿಲ್ಲಿಸಿದಳು.

"ಮಿತ್ಸುಯೊ, ಇವಳ ಕೈ ಮೀನಿನ ಹೊಟ್ಟೆಯೊಳಗೆ ಹಾಕಿಸು. ಕೈ ಒಳಗೆ ಹೋದ್ಮೇಲೆ ಮೂಗು ಸುಮ್ಮನಾಗುತ್ತೆ."

ಹಾಗೆಯೇ ಆಯಿತು. ಕೆಲವು ವರ್ಷಗಳಲ್ಲಿ ತೋಶಿಯೆಯಷ್ಟು ಚುರುಕಾಗಿ ಮೀನು ಸೀಳುವವರು ಶೆಡ್ಡಿನಲ್ಲಿ ಇರಲಿಲ್ಲ. ಹೊಟ್ಟೆಗೆ ಚಾಕು ಇಟ್ಟು, ಎರಡು ಬೆರಳು ತೂರಿಸಿ, ಕರುಳನ್ನು ಒಂದೇ ಎಳೆತಕ್ಕೆ ಹೊರಗೆ ತೆಗೆಯುತ್ತಿದ್ದಳು. ಎಲ್ಲಿಯೂ ಹರಿಯುತ್ತಿರಲಿಲ್ಲ. ಊಟದ ಹೊತ್ತಿಗೆ ಮೊಣಕೈಯವರೆಗೆ ಅಂಟಿದ ರಕ್ತವನ್ನು ಪೈಪಿನಡಿ ಹಿಡಿದು ತೊಳೆದು, ಅದೇ ಕೈಯಲ್ಲಿ ಅನ್ನದುಂಡೆ ಬಿಚ್ಚಿ ತಿನ್ನುತ್ತಿದ್ದಳು. ಹೇಸಿಗೆ ಅನ್ನುವುದು ಅವಳಿಂದ ದೂರ ಹೋಗಿಬಿಟ್ಟಿತ್ತು ಅಂತ ನಾವೆಲ್ಲ ಅಂದುಕೊಂಡಿದ್ದೆವು.

ಅವಳ ಗಂಡ ಕಿಯೊಹಾರು ದಕ್ಷಿಣದ ಸಮುದ್ರಕ್ಕೆ ಹೋಗುವ ದೊಡ್ಡ ದೋಣಿಯಲ್ಲಿದ್ದ. ಗಾಳ ಹಾಕಿ ಕತ್ಸುವೊ ಹಿಡಿಯುವ ಕೆಲಸ. ತಿಂಗಳುಗಟ್ಟಲೆ ಹೋಗುವುದು, ಬಂದರೆ ಎರಡು ವಾರ ಮಲಗುವುದು. ಒಂದು ಸಲ ದೋಣಿ ಬಂತು, ಅವನು ಬರಲಿಲ್ಲ. ಅಲೆಯೊಂದು ದೋಣಿಯ ಮೇಲೆ ಬಂದು ವಾಪಸು ಹೋಗುವಾಗ ಅವನನ್ನೂ ಕರೆದುಕೊಂಡು ಹೋಗಿತ್ತು. ಎರಡು ದಿನ ಸುತ್ತಿ ಹುಡುಕಿದರಂತೆ. ಅವನ ಬಟ್ಟೆಯ ಗಂಟನ್ನು ದೋಣಿಯ ಹಿರಿಯನೊಬ್ಬ ತಂದು ಹಾತ್ಸುವಿನ ಮುಂದಿಟ್ಟು ಹಣೆ ನೆಲಕ್ಕೆ ಮುಟ್ಟಿಸಿ ಹೋದ.

ಹಾತ್ಸು ಮಗನ ತಿಥಿ ಮಾಡಲು ಬಿಡಲಿಲ್ಲ. "ಹೆಣ ಎಲ್ಲಿದೆ ತೋರಿಸಿ, ಆಮೇಲೆ ಮಾಡ್ತೀನಿ" ಅಂದಳು. ಅವನ ಫೋಟೋವನ್ನು ಸತ್ತವರ ಪೀಠದಲ್ಲಿ ಇಡಲಿಲ್ಲ. ಬದಲಿಗೆ ದಿನಾ ಊಟದ ಮೇಜಿನ ಮೇಲೆ ಅವನ ಪಾಲಿಗೊಂದು ಬಟ್ಟಲು ಅನ್ನ, ಹುಳಿಸಿದ ಸೋಯಾಬೀನಿನ ಮಿಸೊ ಸಾರು, ಏನು ಮಾಡಿದ್ದಾರೋ ಅದರಲ್ಲಿ ಒಂದು ತುಂಡು. ದೂರ ಹೋದವನು ಹಸಿದಿರಬಾರದು ಅಂತ ನಮ್ಮಲ್ಲಿ ಹಾಗೆ ಬಡಿಸಿಡುವ ರೂಢಿ ಇದೆ. ಹೋದವನು ಬರುವವರೆಗೆ ಮಾತ್ರ ಅದು. ಹಾತ್ಸು ವರ್ಷಗಟ್ಟಲೆ ಮಾಡಿದಳು. ತಣಿದು ಅಂಚು ಒಣಗಿದ ಆ ಅನ್ನವನ್ನು ರಾತ್ರಿಗೆ ತಿನ್ನಬೇಕಾದವಳು ತೋಶಿಯೆ. ಸಾರಿನ ಮೇಲೆ ಬಿಳಿಯ ಪೊರೆ ಕಟ್ಟಿರುತ್ತಿತ್ತು. ಅದನ್ನೂ ಕುಡಿಯುತ್ತಿದ್ದಳು.

ಅತ್ತೆ ಸೊಸೆ ಜಗಳವಾಡಿದ್ದನ್ನು ನಾನು ಕೇಳಿಲ್ಲ. ಮಾತಾಡಿದ್ದನ್ನೂ ಅಷ್ಟಾಗಿ ಕೇಳಿಲ್ಲ. ಹಾತ್ಸು ಮಗನನ್ನು 'ಅವನು' ಅನ್ನುತ್ತಿದ್ದಳು. ತೋಶಿಯೆ ಅದನ್ನೂ ಅನ್ನುತ್ತಿರಲಿಲ್ಲ. ಗಂಡನ ಹೆಸರು ಆ ಮನೆಯಲ್ಲಿ ಅವಳ ಬಾಯಿಂದ ಬಂದದ್ದೇ ಇಲ್ಲ.

ಹೀಗಿರುವಾಗ ಟೋಕಿಯೊದಿಂದ ನೆಗಿಶಿ ಅನ್ನುವ ಡೈರೆಕ್ಟರು ಬಂದ. ವಿಡಿಯೋ ಅಂಗಡಿಗಳಿಗೆಂದೇ ಅಗ್ಗದ ದೆವ್ವದ ಸಿನಿಮಾ ಮಾಡುವ ಒಂದು ಸಣ್ಣ ಕಂಪನಿ ಅವನದು. ಆಗ ಅಂಥವುಗಳ ಹುಚ್ಚು ಎಲ್ಲೆಲ್ಲೂ ಇತ್ತು. ಸಿನಿಮಾ ಅಂತ ಹೇಳಿಕೊಳ್ಳದ ಸಿನಿಮಾ. ಯಾರೋ ಒಬ್ಬ ಕ್ಯಾಮೆರಾ ಹಿಡಿದು ಯಾವುದೋ ಊರಿಗೆ ಹೋದ, ಏನೋ ನೋಡಿದ, ಆಮೇಲೆ ಮಾಯವಾದ, ಅವನ ಕ್ಯಾಸೆಟ್ಟು ಮಾತ್ರ ಸಿಕ್ಕಿತು, ಇದೋ ಅದನ್ನೇ ನಿಮಗೆ ತೋರಿಸುತ್ತಿದ್ದೇವೆ ಅನ್ನುವ ಥರದ್ದು. ಚಿತ್ರ ಅಲುಗಾಡಬೇಕು, ಮಂಜಾಗಿರಬೇಕು, ಜನ ನಟಿಸಬಾರದು. ಅದಕ್ಕೇ ಅವನಿಗೆ ನಾವು ಬೇಕಾಗಿದ್ದೆವು.

ನೆಗಿಶಿ ತೆಳ್ಳಗಿನ, ಬೆಳ್ಳಗಿನ ಮನುಷ್ಯ. ಮಾತೆಲ್ಲ ವಿನಯ. ಆದರೆ ಮಾತಾಡುವಾಗ ಮುಖ ನೋಡುತ್ತಿರಲಿಲ್ಲ, ಕೈಯಲ್ಲಿದ್ದ ಪುಟ್ಟ ಕ್ಯಾಮೆರಾದ ಪರದೆಯಲ್ಲಿ ನಮ್ಮ ಮುಖವನ್ನು ನೋಡುತ್ತಿದ್ದ. ಅಂಗೈ ಸದಾ ಒದ್ದೆ. ಕೈ ಕುಲುಕಿದವರು ಆಮೇಲೆ ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದರು. ಮೀನಿನ ಲೋಳೆಗೆ ಒರೆಸಿಕೊಳ್ಳದವರು ಇವನ ಬೆವರಿಗೆ ಒರೆಸಿಕೊಂಡರು.

"ಕಡಲಿಂದ ಏನೋ ಒಂದು ಎದ್ದು ಹೆಂಗಸರ ಮನೆಗೆ ಬರುತ್ತೆ ಅನ್ನೋ ಕಥೆ. ನಿಮಗೆ ತೋಚಿದ್ದು ಹೇಳಿ, ಅಕ್ಕಾವ್ರೆ" ಅಂದ.

ನಾವು ತೋಚಿದ್ದನ್ನು ಹೇಳಿದೆವು. ನಮ್ಮಜ್ಜಿಯ ಮನೆ ಜಗಲಿಯ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿದ್ದವು ಅಂತ ನಾನು ಕಣ್ಣರಳಿಸಿ ಹೇಳಿದೆ. ನಮ್ಮಜ್ಜಿಯ ಮನೆಗೆ ಜಗಲಿಯೇ ಇರಲಿಲ್ಲ. ಪಕ್ಕದಲ್ಲಿ ನಿಂತಿದ್ದವರು ನಗು ತಡೆಯಲಾರದೆ ಮೀನಿನ ಬುಟ್ಟಿಯೊಳಗೆ ಮುಖ ಹಾಕಿಕೊಂಡರು.

ಇನ್ನೊಂದು ದೃಶ್ಯಕ್ಕೆ ಅವನು ಟೋಕಿಯೊದಿಂದ ನಟಿಯೊಬ್ಬಳನ್ನು ಕರೆತಂದಿದ್ದ. ದೆವ್ವ ಹಿಡಿದ ಹೆಂಗಸು ಶೆಡ್ಡಿನ ನೆಲದಲ್ಲಿ ಕೂತು ಹಸಿ ಕರುಳು ತಿನ್ನಬೇಕು. ಆ ಹುಡುಗಿ ಬುಟ್ಟಿಯ ಹತ್ತಿರ ಬಂದು ಬಗ್ಗಿದ್ದೇ ತಡ, ಬೆಳಗಿನ ತಿಂಡಿಯನ್ನೆಲ್ಲ ಕಕ್ಕಿದಳು. ಮತ್ತೊಮ್ಮೆ ಪ್ರಯತ್ನಿಸಿದಳು, ಮತ್ತೆ ಕಕ್ಕಿದಳು. ತೋಶಿಯೆ ಪೈಪು ತಂದು ಅದನ್ನೆಲ್ಲ ಚರಂಡಿಗೆ ತಳ್ಳಿ, "ಪಾಪ, ಅವಳನ್ನ ಬಿಡಿ. ಎಲ್ಲಿ, ಏನು ತಿನ್ಬೇಕು?" ಅಂದಳು.

ಕತ್ಸುವೊ ಮೀನಿನ ಹೃದಯವನ್ನು ನಾವು ಸುಟ್ಟು, ಮಿಸೊ ಸವರಿ ತಿನ್ನುತ್ತೇವೆ. ಹಸಿಯಾಗಿ ಯಾರೂ ತಿನ್ನುವುದಿಲ್ಲ. ತೋಶಿಯೆ ಒಂದನ್ನು ಆಗಷ್ಟೇ ಸೀಳಿದ ಮೀನಿನಿಂದ ಕಿತ್ತು ಬಾಯಿಗೆ ಹಾಕಿಕೊಂಡಳು. ಕ್ಯಾಮೆರಾ ನೋಡುತ್ತ ನಿಧಾನವಾಗಿ ಅಗಿದಳು. ಗದ್ದದ ಮೇಲೆ ಕಪ್ಪು ರಕ್ತ ಇಳಿಯಿತು. ಮುಖದಲ್ಲಿ ಏನೂ ಇರಲಿಲ್ಲ. ದೀಪ ಹಿಡಿದವನು ಮುಖ ತಿರುಗಿಸಿದ. ನೆಗಿಶಿ ಮಾತ್ರ ಪರದೆಯನ್ನು ನೋಡುತ್ತ ತುಟಿ ನೆಕ್ಕಿಕೊಂಡ.

"ಇದು," ಅಂದ ಮೆಲ್ಲಗೆ, "ಇದು ಬೇಕಾಗಿತ್ತು ನನಗೆ."

ತೋಶಿಯೆ ಬಾಯಿ ಮುಕ್ಕಳಿಸಿ ಮೇಜಿಗೆ ಬಂದಳು. "ಉಪ್ಪು ಕಡಿಮೆ ಆಯ್ತು, ಅಕ್ಕ" ಅಂದಳು ನನಗೆ. ಅದಕ್ಕೂ ನಕ್ಕೆವು.

ಆಮೇಲಿನದಕ್ಕೆ ನಾನು ಇರಲಿಲ್ಲ. ಅವಳೇ ಹೇಳಿದ್ದು. ಹಾತ್ಸು ಊರಿನ ಸಾರ್ವಜನಿಕ ಸ್ನಾನದ ಮನೆಗೆ ಹೋಗಿದ್ದ ಒಂದು ಮಧ್ಯಾಹ್ನ ನೆಗಿಶಿ ಒಬ್ಬನೇ ಮನೆಗೆ ಬಂದ. ಶೆಡ್ಡಿನಲ್ಲಿ ಗದ್ದಲ ಜಾಸ್ತಿ, ನಿಮ್ಮ ಧ್ವನಿ ಹೇಗೆ ಕೇಳುತ್ತೆ ಅಂತ ನೋಡಬೇಕು, ಏನಾದರೂ ಮಾತಾಡಿ, ಮನಸ್ಸಿಗೆ ನೋವಾದ ವಿಷಯವಾದರೆ ಧ್ವನಿ ಚೆನ್ನಾಗಿ ಬರುತ್ತೆ, ಇದನ್ನು ಬಳಸುವುದಿಲ್ಲ, ಪರೀಕ್ಷೆಗಷ್ಟೇ ಅಂದ. ಊರಿನಲ್ಲಿ ಯಾರೋ ಅವನಿಗೆ ಕಿಯೊಹಾರುವಿನ ವಿಷಯ ಹೇಳಿದ್ದಿರಬೇಕು.

ತೋಶಿಯೆಗೆ ಏನಾಯಿತೋ. ಪರಿಚಯವಿಲ್ಲದವನ ಮುಂದೆ ಬಾಯಿ ಸುಲಭವಾಗಿ ಬಿಚ್ಚಿಕೊಳ್ಳುತ್ತದೆ. ಗಂಡನ ಹೆಸರು ಹಿಡಿದು ಕರೆದಳು. ನಿನ್ನ ದಿಂಬಿನ ವಾಸನೆ ಹೋಗಿಬಿಟ್ಟಿತು ಅಂದಳು. "ಬಾ ಮನೆಗೆ. ಕೊಳೆತಿದ್ರೂ ಬಾ. ಏಡಿಗಳು ನಿನ್ನ ತಿಂದಿದ್ರೂ, ಕಣ್ಣಿಲ್ದಿದ್ರೂ ಪರ್ವಾಗಿಲ್ಲ. ನನಗೆ ಹೇಸಿಗೆ ಆಗಲ್ಲ. ಬಾಗಿಲು ಹಾಕಿಲ್ಲ ನಾನು. ನಾನು ತೊಳೀತೀನಿ ನಿನ್ನ" ಅಂದಳು. ಹೇಳುತ್ತ ಹೇಳುತ್ತ ಮುಂದಕ್ಕೆ ಬಾಗಿ, ಚಾಪೆಗೆ ಹಣೆಯೊತ್ತಿ ಅತ್ತಳು. ನೆಗಿಶಿ ಕ್ಯಾಮೆರಾ ಹಿಡಿದು ಕೂತಿದ್ದ. ಅವನ ಕೈ ಅಲುಗಾಡಲಿಲ್ಲ ಅಂದಳು ತೋಶಿಯೆ.

ಮುಂದಿನ ಚಳಿಗಾಲಕ್ಕೆ ಸಿನಿಮಾ ವಿಡಿಯೋ ಅಂಗಡಿಗೆ ಬಂತು. ಅದಕ್ಕೆ 'ತೀರಕ್ಕೆ ಬಂದದ್ದು' ಅಂತ ಹೆಸರಿಟ್ಟಿದ್ದರು. ಕೆಲಸ ಮುಗಿದ ಒಂದು ಮಧ್ಯಾಹ್ನ ಶೆಡ್ಡಿನ ವಿಶ್ರಾಂತಿ ಕೋಣೆಯಲ್ಲಿ ಎಲ್ಲರೂ ಕಾಲು ಚಾಚಿ, ಕಿತ್ತಳೆ ಸುಲಿಯುತ್ತ ನೋಡಲು ಕೂತೆವು. ನನ್ನ ಜಗಲಿಯ ಕಥೆ ಬಂದಾಗ ಚಪ್ಪಾಳೆ ಹೊಡೆದರು. ಕಡಲಿನ ಪಿಶಾಚಿ ಬಂದಾಗ ಇನ್ನೂ ಜಾಸ್ತಿ ನಕ್ಕರು, ಯಾಕೆಂದರೆ ಅದು ನೆಗಿಶಿಯೇ ಅಂತ ನಮಗೆಲ್ಲ ಗೊತ್ತಿತ್ತು. ಮೈಗೆಲ್ಲ ಗಂಜಿ ಬಳಿದುಕೊಂಡು, ಕಡಲ ಪಾಚಿ ಅಂಟಿಸಿಕೊಂಡು ನಮ್ಮ ಪೈಪಿನ ಕೆಳಗೇ ಸ್ನಾನ ಮಾಡಿದ್ದನಲ್ಲ, ನಡುಗುತ್ತ.

ಆಮೇಲೆ ತೋಶಿಯೆಯ ಮನೆ ಬಂತು. ಅವಳದೇ ಚಾಪೆ, ಅವಳದೇ ಬಾಗಿಲು. "ಬಾ ಮನೆಗೆ. ಕೊಳೆತಿದ್ರೂ ಬಾ."

ಕಿತ್ತಳೆ ಸುಲಿಯುವ ಕೈಗಳು ನಿಂತವು.

ಅವಳ ಹಿಂದೆ, ಬಾಗಿಲ ಸಂದಿಯಲ್ಲಿ, ಆ ಪಾಚಿಯ ಮೈ ನಿಂತಿತ್ತು. ಅದನ್ನು ಆಮೇಲೆ ಕೂಡಿಸಿದ್ದರು. ಚಿತ್ರ ನಿಂತು ಕಪ್ಪಾಯಿತು. "ನೋಡಿದಿರಾ? ಮತ್ತೊಮ್ಮೆ ತೋರಿಸುತ್ತೇವೆ" ಅಂತ ಗಂಡಸಿನ ಧ್ವನಿಯೊಂದು ಹೇಳಿತು. ಮತ್ತೆ ಅವಳು ಅತ್ತಳು. ಮೂರನೆಯ ಸಲ ನಿಧಾನವಾಗಿ ತೋರಿಸಿದರು, ಪಿಶಾಚಿಯ ಸುತ್ತ ಕೆಂಪು ಸುತ್ತು ಹಾಕಿ. ನಿಧಾನ ಮಾಡಿದ್ದರಿಂದ ಅವಳ ಅಳು ಹಂದಿಯ ಗುಟುರಿನಂತೆ ಕೇಳುತ್ತಿತ್ತು. ಬಾಯಿ ತೆರೆದು ಮುಚ್ಚುವುದು, ಮೂಗಿನಿಂದ ಇಳಿದದ್ದು ತುಟಿಗೆ ಬರುವುದು, ಎಲ್ಲ ಪರದೆ ತುಂಬ. ಗಂಡನಿಗಾಗಿ ಅಳುತ್ತಿರುವ ಹೆಂಗಸನ್ನು ಅದುವರೆಗೆ ಯಾರೂ ಅಷ್ಟು ಹತ್ತಿರದಿಂದ ನೋಡಿರಲಿಕ್ಕಿಲ್ಲ. ನೋಡಬಾರದು ಕೂಡ. ನನ್ನ ಬಾಯಲ್ಲಿದ್ದ ಕಿತ್ತಳೆ ತೊಳೆಯನ್ನು ನುಂಗಲಾಗದೆ ಕೈಗೆ ಉಗಿದುಕೊಂಡೆ.

ಕೊನೆಗೆ ಬಿಳಿ ಅಕ್ಷರ ಬಂತು. ಈ ಮಹಿಳೆ ಚಿತ್ರೀಕರಣದ ನಂತರ ಕಾಣೆಯಾಗಿದ್ದಾರೆ. ಈವರೆಗೆ ಪತ್ತೆಯಿಲ್ಲ.

ಯಾರೋ ಕಿಸಕ್ಕನೆ ನಕ್ಕು ಬಾಯಿ ಮುಚ್ಚಿಕೊಂಡರು. ತೋಶಿಯೆ ಎದ್ದು ಹೊರಗೆ ಹೋದಳು. ಹಿಂದೆಯೇ ಹೋದೆ. ಮೀನು ತೊಳೆಯುವ ತೊಟ್ಟಿಯ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಕ್ಕುತ್ತಿದ್ದಳು. ಹೊಟ್ಟೆಯಲ್ಲಿ ಇದ್ದದ್ದೆಲ್ಲ ಮುಗಿದ ಮೇಲೂ ಓಕರಿಕೆ ನಿಲ್ಲಲಿಲ್ಲ. ಬೆನ್ನು ನೀವಲು ಕೈ ಇಟ್ಟರೆ ಕೊಡವಿಬಿಟ್ಟಳು.

"ಮುಟ್ಬೇಡ ಅಕ್ಕ. ಮೈಯೆಲ್ಲ ಅವನ ಕೈ ಬೆವರು ಅಂಟಿದ ಹಾಗಿದೆ."

ಕಂಪನಿಗೆ ಫೋನು ಮಾಡಿದಳು. ನಾನು ಪಕ್ಕದಲ್ಲಿದ್ದೆ. ಅವಳು ಕಿರುಚಲಿಲ್ಲ.

"ಅದು ಬಳಸಲ್ಲ ಅಂದಿದ್ರಿ."

ಆ ಕಡೆಯಿಂದ ನೆಗಿಶಿಯ ವಿನಯದ ಧ್ವನಿ ನನಗೂ ಕೇಳುತ್ತಿತ್ತು. "ಎಲ್ಲರೂ ಆ ಜಾಗವನ್ನೇ ಹೊಗಳ್ತಾ ಇದ್ದಾರೆ, ತೋಶಿಯೆ ಅವ್ರೆ."

"ಅದು ನಾನು ನನ್ನ ಗಂಡನ ಹತ್ರ ಆಡಿದ ಮಾತು."

"ಗೊತ್ತು. ಅದಕ್ಕೇ ಅಷ್ಟು ಚೆನ್ನಾಗಿ ಬಂತು."

ಅವಳು ಫೋನನ್ನು ಇಟ್ಟು, ಕೈ ತೊಳೆದುಕೊಂಡು ಬಂದಳು.

ಆಮೇಲೆ ಊರಿಗೆ ಜನ ಬರತೊಡಗಿದರು. ಕಾಣೆಯಾದ ಹೆಂಗಸಿನ ಮನೆ ಹುಡುಕಿಕೊಂಡು ಬೈಕುಗಳಲ್ಲಿ ಬಂದ ಪಡ್ಡೆಗಳು ಬಾಗಿಲ ಮುಂದೆ ಬೆರಳು ತೋರಿಸಿ ಫೋಟೋ ತೆಗೆಸಿಕೊಂಡರು. ಒಬ್ಬ ಬೇಲಿಯ ಬುಡದಲ್ಲಿ ಉಚ್ಚೆ ಹೊಯ್ದ. ಇನ್ಯಾರೋ ಹೊಸ್ತಿಲ ಮೇಲೆ ಕೊಳೆತ ಮೀನಿನ ತಲೆಯಿಟ್ಟು, ಅದರ ಬಾಯಿಗೆ ಹೂವು ಸಿಕ್ಕಿಸಿ ಹೋದರು. ಮಾರುಕಟ್ಟೆಯಲ್ಲಿ ತೋಶಿಯೆಯನ್ನು ಕಂಡು ಒಬ್ಬಳು ಹುಡುಗಿ ಬುಟ್ಟಿ ಅಲ್ಲೇ ಬಿಟ್ಟು ಓಡಿದಳು. ಶೆಡ್ಡಿನವರು ಮೊದಮೊದಲು ತಮಾಷೆ ಮಾಡಿದರು. "ಏನೇ ತೋಶಿಯೆ, ಇವತ್ತಾದ್ರೂ ಪತ್ತೆಯಾದ್ಯಾ?" ಅವಳ ಮುಖ ನೋಡಿದ ಮೇಲೆ ಬಿಟ್ಟರು.

ಒಂದು ದಿನ ಅವಳು ಕೆಲಸದಿಂದ ಬೇಗ ಮನೆಗೆ ಹೋದವಳು ಅರ್ಧ ಗಂಟೆಯಲ್ಲಿ ನಮ್ಮ ಮನೆಗೆ ಬಂದಳು. ಮುಖ ಸುಣ್ಣದ ಹಾಗಿತ್ತು. ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು.

"ಮುದುಕಿ ನೋಡ್ತಾ ಇದ್ದಾಳೆ ಅಕ್ಕ."

"ಏನನ್ನ?"

"ಅದನ್ನೇ. ಬಾಗಿಲು ತೆಗೆಯೋಕೆ ಹೋದೆ, ಒಳಗಿಂದ ನನ್ನ ದನಿ ನನಗೇ ಕೇಳಿಸ್ತು. ಎಲ್ಲಿಂದ ತಂದಳೋ. ಟಿವಿ ಮುಂದೆ ಮೊಣಕಾಲೂರಿ ಕೂತಿದ್ದಾಳೆ. ಮುಗೀತು ಅಂದ್ರೆ ಹಿಂದಕ್ಕೆ ತಿರುಗಿಸ್ತಾಳೆ, ಮತ್ತೆ ಹಾಕ್ತಾಳೆ. ಕೈ ಮುಗೀತಾಳೆ." ಅವಳು ನನ್ನ ಕಡೆ ನೋಡಿದಳು. "ಅದು ಅವಳ ಮಗ ಅಂತ ನಂಬಿದ್ದಾಳೆ. ಆ ಪಾಚಿ ಬಳ್ಕೊಂಡ ಕತ್ತೆಗೆ ಕೈ ಮುಗೀತಾ ಇದ್ದಾಳೆ."

ಮುದುಕಿಗೆ ಹೇಳಿಬಿಡು ಅಂದೆ. ಹೇಗೆ ಹೇಳಲಿ ಅಂದಳು. ಮಗ ಮನೆಗೆ ಬಂದ ಅಂತ ಅಂದುಕೊಂಡಿರುವವಳಿಗೆ, ಅದು ಗಂಜಿ, ಅದು ಟೋಕಿಯೊದ ನೆಗಿಶಿ ಅಂತ ಯಾವ ಬಾಯಲ್ಲಿ ಹೇಳುವುದು. ದಿನಾ ಮಧ್ಯಾಹ್ನ ಹಾತ್ಸು ಅದನ್ನು ಹಾಕುತ್ತಿದ್ದಳು. ತೋಶಿಯೆ ಅದು ಮುಗಿಯುವವರೆಗೆ ಬಂದರಿನ ಕಟ್ಟೆಯ ಮೇಲೆ ಕೂತಿದ್ದು ಮನೆಗೆ ಹೋಗುತ್ತಿದ್ದಳು. ಊಟ ಇಳಿಯುತ್ತಿರಲಿಲ್ಲ. ಕಿಯೊಹಾರುವಿನ ಪಾಲಿನ ತಂಗಳನ್ನವನ್ನು ಮೊದಲ ಸಲ ಬೆಕ್ಕಿಗೆ ಹಾಕತೊಡಗಿದಳು.

ಕೊನೆಗೆ ತಡೆಯಲಾರದೆ ನೆಗಿಶಿಗೆ ಮತ್ತೆ ಫೋನು ಮಾಡಿದಳು. "ನನ್ನ ಅತ್ತೆ ನಿನ್ನನ್ನ ಮಗ ಅಂತ ಪೂಜೆ ಮಾಡ್ತಿದ್ದಾಳೆ. ಮನುಷ್ಯನಾಗಿದ್ರೆ ಅದನ್ನ ಅಂಗಡಿಗಳಿಂದ ವಾಪಸ್ ತರಿಸು."

ಅವನು ಕೇಳಿದನಂತೆ, "ಕೈ ಮುಗೀತಾರಾ? ನಿಜವಾಗ್ಲೂ?"

ಮುಂದಿನ ಭಾನುವಾರ ಬೆಳಿಗ್ಗೆ ಅವನು ಮನೆ ಬಾಗಿಲಲ್ಲಿದ್ದ. ಒಂದು ಕೈಯಲ್ಲಿ ಸಿಹಿ ತಿಂಡಿಯ ಪೊಟ್ಟಣ, ಇನ್ನೊಂದರಲ್ಲಿ ಕ್ಯಾಮೆರಾ. ನಾನು ಅಲ್ಲೇ ಇದ್ದೆ, ಮೂಲಂಗಿ ಕೊಡಲು ಹೋಗಿದ್ದೆ. ತೋಶಿಯೆ ಅವನನ್ನು ಹೊರಗೆ ತಳ್ಳಲು ಎದ್ದಳು. ಹಾತ್ಸು ಒಳಗಿನಿಂದ ಕೂಗಿದಳು.

"ಯಾರು ಬಂದಿದ್ದಾರೆ? ಸಿನಿಮಾದವ್ರಾ? ಒಳಗೆ ಬರಹೇಳು."

ಅವನು ಚಪ್ಪಲಿ ಬಿಡುವಾಗಲೇ ಕ್ಯಾಮೆರಾದ ಕೆಂಪು ದೀಪ ಹೊತ್ತಿತ್ತು. ಬಗ್ಗಿ ಬಗ್ಗಿ ವಂದಿಸುತ್ತ, ಎದೆಯ ಹತ್ತಿರ ಹಿಡಿದ ಕ್ಯಾಮೆರಾವನ್ನು ಮುದುಕಿಯ ಮುಖದ ಕಡೆಗೇ ತಿರುಗಿಸಿಕೊಂಡು ಒಳಗೆ ಬಂದ. ಹಾತ್ಸು ಊಟದ ಮೇಜಿನ ಆಚೆ ಕೂತಿದ್ದಳು. ಆಗಲೇ ಎಂಬತ್ತು ದಾಟಿದವಳು. ಬೆನ್ನು ಕೊಕ್ಕೆಯ ಹಾಗೆ ಬಾಗಿತ್ತು. ಅವನು ಎದುರಿಗೆ ಕೂತು, ಗಂಟಲು ಸರಿಮಾಡಿಕೊಂಡು ಕೇಳಿದ.

"ಅಮ್ಮಾ, ಮಗ ಮನೆಗೆ ಬಂದಿದ್ರಂತೆ?"

ಹಾತ್ಸು ಮಗನ ಪಾಲಿಗೆ ಬಡಿಸಿಟ್ಟಿದ್ದ ತಟ್ಟೆಯನ್ನು ಎರಡೂ ಕೈಯಿಂದ ಮೆಲ್ಲಗೆ ಅವನ ಮುಂದೆ ತಳ್ಳಿದಳು. ತಣಿದ ಅನ್ನ. ಪೊರೆ ಕಟ್ಟಿದ ಸಾರು. ಪುಟ್ಟ ಬಟ್ಟಲಿನಲ್ಲಿ ಉಪ್ಪಿನಲ್ಲಿ ಕೊಳೆಸಿದ ಕತ್ಸುವೊ ಕರುಳು, ಹಾತ್ಸು ತಾನೇ ಜಾಡಿಯಲ್ಲಿ ಹಾಕುತ್ತಿದ್ದದ್ದು. ಅದರ ನಾತಕ್ಕೆ ಇಲ್ಲೇ ಹುಟ್ಟಿದವರೂ ಒಮ್ಮೊಮ್ಮೆ ಮುಖ ತಿರುಗಿಸುತ್ತಾರೆ.

"ಊಟ ಮಾಡಿ" ಅಂದಳು.

"ಇದು ಅವರಿಗೆ ಇಟ್ಟಿದ್ದಲ್ವಾ?" ನೆಗಿಶಿಯ ದನಿಯಲ್ಲಿ ಸಂಭ್ರಮವಿತ್ತು. ಕ್ಯಾಮೆರಾವನ್ನು ತಟ್ಟೆಯ ಮೇಲೆ ಬಗ್ಗಿಸಿದ.

"ಹೌದು. ಅವನ ವೇಷ ಹಾಕಿದ್ದು ನೀವೇ ತಾನೆ? ಹಾಗಾದ್ರೆ ಅವನ ಪಾಲೂ ನೀವೇ ತಿನ್ಬೇಕು."

ತೋಶಿಯೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಕೈ ಕಂಬವನ್ನು ಹುಡುಕಿ ಹಿಡಿದುಕೊಂಡಿತು.

ನೆಗಿಶಿ ನಗಲು ನೋಡಿದ. "ಅಮ್ಮಾ, ನಿಮಗೆ..."

"ನನ್ನ ಹೊಟ್ಟೇಲಿ ಹುಟ್ಟಿದವನು ಹೇಗೆ ನಿಲ್ತಾನೆ ಅಂತ ನನಗೆ ಗೊತ್ತಿಲ್ವಾ? ಹೆಗಲು ನೋಡಿದ್ರೆ ಸಾಕು. ಗಾಳ ಎಳೆದ ಹೆಗಲು ಅದಲ್ಲ. ತಿನ್ನಿ. ತಿಂದು ಆಮೇಲೆ ಚಿತ್ರ ತಗೊಳ್ಳಿ."

ಅವನಿಗೆ ಚಿತ್ರ ಬೇಕಾಗಿತ್ತು. ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದೇ ಇನ್ನೊಂದರಲ್ಲಿ ಊಟದ ಕಡ್ಡಿ ತೆಗೆದುಕೊಂಡ. ಕರುಳಿನ ಒಂದೆಳೆಯನ್ನು ಬಾಯಿಗಿಟ್ಟ. ಕೆನ್ನೆ ಉಬ್ಬಿತು. ಕಣ್ಣಲ್ಲಿ ನೀರು ಬಂತು. ನುಂಗಲೂ ಆಗದೆ, ಉಗಿಯಲೂ ಆಗದೆ ಸ್ವಲ್ಪ ಹೊತ್ತು ಹಾಗೇ ಕೂತಿದ್ದು, ಕೊನೆಗೆ ತಾನು ತಂದಿದ್ದ ಸಿಹಿಯ ಪೊಟ್ಟಣದ ಕಾಗದಕ್ಕೇ ಉಗಿದ. ಗದ್ದದ ಮೇಲೆ ಕಂದು ರಸ ಇಳಿಯಿತು. ಅಷ್ಟಾದರೂ ಕ್ಯಾಮೆರಾ ಕೆಳಗಿಡಲಿಲ್ಲ. ನನಗೆ ಅದೇ ಎಲ್ಲಕ್ಕಿಂತ ಹೇಸಿಗೆಯಾಗಿ ಕಂಡದ್ದು.

"ಹಾಗಾದ್ರೆ ದಿನಾ ಯಾಕೆ ನೋಡ್ತೀರಿ ಅಮ್ಮಾ? ಯಾಕೆ ಕೈ ಮುಗೀತೀರಿ?" ಬಾಯಿ ಒರೆಸಿಕೊಳ್ಳುತ್ತ ಕೇಳಿದ.

ಹಾತ್ಸು ಅವನನ್ನು ನೋಡಲಿಲ್ಲ, ಸೊಸೆಯನ್ನೂ ನೋಡಲಿಲ್ಲ. ಮೇಜಿನ ಮೇಲೆ ಬಿದ್ದಿದ್ದ ಒಂದು ಅನ್ನದಗುಳನ್ನು ಬೆರಳಿನಿಂದ ಒತ್ತಿ ತೆಗೆಯುತ್ತ ಹೇಳಿದಳು.

"ನಾನು ಕಣ್ಣು ಮುಚ್ಕೊಂಡು ಕೂರ್ತೀನಿ. ನಿಮ್ಮ ಪಾಚಿ ನನಗ್ಯಾಕೆ? ಅವನು ಹೋದ ಮೇಲೆ ಈ ಮನೇಲಿ ಇವಳು ಅವನ ಹೆಸರು ಹೇಳಿಲ್ಲ. ಇವಳಿಗೆ ಅವನು ಬೇಡವಾದ ಅಂತ ಅಂದ್ಕೊಂಡಿದ್ದೆ. ಇಷ್ಟು ವರ್ಷ ಹಾಗೇ ಅಂದ್ಕೊಂಡು ಇವಳ ಜೊತೆ ಉಂಡಿದ್ದೀನಿ. ಕೊಳೆತಿದ್ರೂ ಬಾ ಅಂತ ಕರೆದಿದ್ದಾಳೆ. ನಾನು ಹೆತ್ತವಳು, ನನಗೂ ಹಾಗೆ ಕರೆಯೋಕೆ ಬಾಯಿ ಬರ್ಲಿಲ್ಲ. ಅದನ್ನ ಕೇಳೋಕೆ ಹಾಕ್ತೀನಿ."

ಕ್ಯಾಮೆರಾ ಸಣ್ಣಗೆ ಗರಗರ ಅನ್ನುತ್ತಿತ್ತು. ನೆಗಿಶಿ ಪರದೆ ನೋಡುತ್ತಿದ್ದ. ತುಟಿ ನೆಕ್ಕಿಕೊಂಡ, ಅದರಲ್ಲಿ ಇನ್ನೂ ಕರುಳಿನ ರಸವಿತ್ತು.

"ಅಮ್ಮಾ," ಅಂದ, "ಈಗ ಹೇಳಿದ್ದನ್ನ ಇನ್ನೊಂದು ಸಲ ಹೇಳ್ತೀರಾ? ಸ್ವಲ್ಪ ಬೆಳಕಿನ ಕಡೆ ತಿರುಗಿ."

ತೋಶಿಯೆ ಆಗ ಕಂಬ ಬಿಟ್ಟು ಬಂದಳು. ಅವನ ಕೈಯಿಂದ ಕ್ಯಾಮೆರಾವನ್ನು ತೆಗೆದುಕೊಂಡಳು. ಕಿತ್ತುಕೊಳ್ಳಲಿಲ್ಲ, ಮೇಜಿನಿಂದ ತಟ್ಟೆ ಎತ್ತುವ ಹಾಗೆ ತೆಗೆದುಕೊಂಡಳು. ಅದರ ಪಕ್ಕದ ಬಾಗಿಲನ್ನು ಉಗುರಿನಿಂದ ಮೀಟಿ, ಪುಟ್ಟ ಕ್ಯಾಸೆಟ್ಟನ್ನು ಹೊರಗೆ ತೆಗೆದು, ಎರಡು ಬೆರಳು ತೂರಿಸಿ ಅದರ ಟೇಪನ್ನು ಎಳೆದಳು. ಕಪ್ಪು ಟೇಪು ಸುರುಳಿ ಸುರುಳಿಯಾಗಿ ಅವಳ ಮೊಣಕೈಗೆ ಸುತ್ತಿಕೊಂಡಿತು. ಮುಗಿಯುವವರೆಗೂ ಎಳೆದಳು. ಆಮೇಲೆ ಅದನ್ನೆಲ್ಲ ಮುದ್ದೆ ಮಾಡಿ, ಮೀನಿನ ಸಿಪ್ಪೆ ಹಾಕುವ ಡಬ್ಬಿಗೆ ಹಾಕಿ, ಮೇಲೆ ಬಟ್ಟಲಿನ ಕರುಳನ್ನೂ ಸುರಿದಳು.

"ಇದು ಎಂಥ ಸಿನಿಮಾ ಆಗ್ತಿತ್ತು ಗೊತ್ತಾ ನಿಮಗೆ?" ನೆಗಿಶಿಯ ದನಿಯಲ್ಲಿ ಈಗ ವಿನಯವಿರಲಿಲ್ಲ. ನಿಜವಾಗಿ ನೊಂದಿದ್ದ. "ಮೊದಲನೇದಕ್ಕಿಂತ ನೂರು ಪಾಲು ಒಳ್ಳೇದು. ನಿಮ್ಮಂಥವರಿಗೆ ಅರ್ಥ ಆಗಲ್ಲ."

"ಬಾಯಿ ತೊಳ್ಕೊಂಡು ಹೋಗಿ," ಅಂದಳು ಹಾತ್ಸು. "ಬಸ್ಸಲ್ಲಿ ಪಕ್ಕದಲ್ಲಿ ಕೂತವರಿಗೆ ಕಷ್ಟ."

ಅವನು ತೊಳೆದುಕೊಳ್ಳದೆ ಹೋದ. ನಾನೂ ಮೂಲಂಗಿಯನ್ನು ಅಲ್ಲೇ ಇಟ್ಟು ಎದ್ದೆ. ಬಾಗಿಲು ಎಳೆದುಕೊಳ್ಳುವಾಗ ಅತ್ತೆ ಸೊಸೆ ಇಬ್ಬರೂ ಆ ಮೇಜಿನ ಎರಡು ಕಡೆ ಇದ್ದರು. ಏನು ಮಾತಾಡಿದರೋ, ಮಾತಾಡಿದರೋ ಇಲ್ಲವೋ ನನಗೆ ತಿಳಿಯದು. ಮರುದಿನ ಕೆಲಸಕ್ಕೆ ಬಂದ ತೋಶಿಯೆಯ ಕಣ್ಣು ಊದಿಕೊಂಡಿತ್ತು. "ಕಿಯೊಹಾರುಗೆ ಮೂಲಂಗಿ ಅಂದ್ರೆ ಆಗ್ತಾ ಇರ್ಲಿಲ್ಲ ಅಕ್ಕ" ಅಂದಳು, ಮೀನು ಸೀಳುತ್ತ. ಅವಳ ಬಾಯಲ್ಲಿ ಆ ಹೆಸರನ್ನು ಕೇಳಿ ನನ್ನ ಚಾಕು ನಿಂತಿತು. ಅವಳದು ನಿಲ್ಲಲಿಲ್ಲ.

ಆ ವಸಂತದಲ್ಲಿ ಕಿಯೊಹಾರುವಿನ ತಿಥಿಯಾಯಿತು. ಬೂದಿಯಿಲ್ಲದ ಕುಡಿಕೆಯಲ್ಲಿ ಅವನ ಕ್ಷೌರದ ಕತ್ತಿ, ಒಂದು ಕೈಗವಸು, ಹಾತ್ಸು ಎತ್ತಿಟ್ಟಿದ್ದ ಅವನ ಒಂದು ಹಾಲುಹಲ್ಲು ಇಟ್ಟರು. ಬೌದ್ಧ ಸನ್ಯಾಸಿ ಸೂತ್ರ ಓದುವಾಗ ಅಂಗಳಕ್ಕೆ ಒಂದು ದೊಡ್ಡ ಹೂವಿನ ಚಕ್ರ ಬಂತು, ಮೇಲೆ ನೆಗಿಶಿಯ ಕಂಪನಿಯ ಹೆಸರು ದಪ್ಪಕ್ಷರದಲ್ಲಿ. ಹೊಸ ಸಿನಿಮಾದ ಹೆಸರೂ ಅದರ ಕೆಳಗೆ ಇತ್ತು. ತೋಶಿಯೆ ಕಪ್ಪು ಬಟ್ಟೆಯಲ್ಲೇ ಅದನ್ನು ಬಂದರಿನವರೆಗೆ ಎಳೆದುಕೊಂಡು ಹೋಗಿ ಮೀನಿನ ಕಸದ ಗಾಡಿಗೆ ಎಸೆದು ಬಂದಳು. ಬರುವಾಗ ಬಟ್ಟೆಯ ತೋಳಿಗೆ ಅಂಟಿದ ಹೂವಿನ ಎಸಳನ್ನು ಜಿಗಣೆ ಕಿತ್ತ ಹಾಗೆ ಕಿತ್ತು ಹಾಕಿದಳು.

ಹಾತ್ಸು ಮೂರನೆಯ ಬಟ್ಟಲು ಇಡುವುದನ್ನು ಬಿಟ್ಟಳು. ಅವಳು ತಂದಿದ್ದ ಸಿನಿಮಾದ ಕ್ಯಾಸೆಟ್ಟು ಅಂಗಡಿಗೆ ವಾಪಸು ಹೋಯಿತು. ಅದನ್ನು ಅಂಗಡಿಯಿಂದಲೇ ತೆಗೆಯಿರಿ ಅಂತ ತೋಶಿಯೆ ಕೇಳಿದಳು. ಎಲ್ಲಕ್ಕಿಂತ ಜಾಸ್ತಿ ಹೋಗುವುದೇ ಅದು ಅಂದ ಅಂಗಡಿಯವ. ಅವಳು ಅದನ್ನು ಬಾಡಿಗೆಗೆ ತಂದು ವಾಪಸು ಕೊಡಲಿಲ್ಲ. ಅವನು ಇನ್ನೊಂದು ತರಿಸಿದ, ಅದನ್ನೂ ತಂದಳು. ಕೊನೆಗೆ ಅವಳಿಗೆ ಅಂಗಡಿಗೆ ಬರಬೇಡಿ ಅಂದ. ಈಗ ಆ ಜಾಗದಲ್ಲಿ ಔಷಧಿ ಅಂಗಡಿ ಇದೆ. ಸಿನಿಮಾ ಮಾತ್ರ ಎಲ್ಲಿಗೂ ಹೋಗಿಲ್ಲ. ಎಲ್ಲರ ಫೋನಿನಲ್ಲಿದೆ. ಅದನ್ನು ನಿಲ್ಲಿಸಿ ನಿಲ್ಲಿಸಿ ನೋಡಿ, ಅವಳ ಗಂಟಲಿನಲ್ಲಿ ಇನ್ನೊಂದು ಮುಖ ಕಾಣುತ್ತದೆ ಅಂತ ಬರೆಯುವವರಿದ್ದಾರೆ. ನೆಗಿಶಿಯನ್ನು ಅವಳು ಕ್ಷಮಿಸಿಲ್ಲ. ಅವನ ಹೆಸರು ಬಂದರೆ ಈಗಲೂ ಒಂದು ಸಲ ಉಗುಳು ನುಂಗುತ್ತಾಳೆ.

ಹೋದ ವರ್ಷ ಟೋಕಿಯೊದ ಇಬ್ಬರು ಕಾಲೇಜು ಹುಡುಗಿಯರು ಅವಳ ಮನೆಯ ಬೇಲಿಯ ಹತ್ತಿರ ನಿಂತಿದ್ದರು. ಹಾತ್ಸು ತೀರಿಕೊಂಡು ಆಗಲೇ ಬಹಳ ಕಾಲವಾಗಿತ್ತು. ತೋಶಿಯೆ ಬಟ್ಟೆ ಒಣಹಾಕುತ್ತಿದ್ದಳು, ನಾನು ಕ್ಲಿಪ್ಪು ಕೊಡುತ್ತಿದ್ದೆ. ಅವಳ ಕೂದಲು ಪೂರ್ತಿ ಬೆಳ್ಳಗಾಗಿದ್ದರೂ ಅವರು ಗುರುತು ಹಿಡಿದರು.

"ನೀವು... ಇದ್ದೀರಾ?" ಅಂದಳು ಒಬ್ಬಳು.

"ಇದ್ದೀನಿ. ಕಾಣ್ತಾ ಇಲ್ವಾ?"

ಫೋಟೋ ತೆಗೆಯಬಹುದಾ ಅಂತ ಇನ್ನೊಬ್ಬಳು ಕೇಳಿದಳು, ಫೋನು ಆಗಲೇ ಅರ್ಧ ಮೇಲೆ ಬಂದಿತ್ತು. ತೋಶಿಯೆ ಒದ್ದೆ ಟವೆಲನ್ನು ಒಮ್ಮೆ ಝಾಡಿಸಿದಳು.

"ಬೇಡ. ಅದನ್ನ ಚೀಲದಲ್ಲಿ ಹಾಕೋರು ಒಳಗೆ ಬಂದ್ರೆ ಚಹಾ ಕೊಡ್ತೀನಿ."

ಮೊದಲನೆಯವಳು ಫೋನನ್ನು ಚೀಲಕ್ಕೆ ಹಾಕಿ ಚಪ್ಪಲಿ ಬಿಟ್ಟು ಬಂದಳು. ಇನ್ನೊಬ್ಬಳು ಬೇಲಿಯಾಚೆಯೇ ನಿಂತಳು. ಒಳಗೆ ಬಂದವಳು ಸಿನಿಮಾದ ವಿಷಯ ಎತ್ತಲಿಲ್ಲ, ಎರಡು ಲೋಟ ಚಹಾ ಕುಡಿದು, ಬೆಟ್ಟದ ಕಡೆಯ ಚಹಾ ಇಷ್ಟು ಹಸಿರಾಗಿರುತ್ತದೆ ಅಂತ ಗೊತ್ತಿರಲಿಲ್ಲ ಅಂದಳು. ತೋಶಿಯೆ ತನ್ನ ತವರಿನ ತೋಟದ್ದು ಅದು ಅಂತ ಹೇಳಿ, ಒಂದು ಹಿಡಿ ಕಾಗದದಲ್ಲಿ ಕಟ್ಟಿಕೊಟ್ಟಳು.